ಕಾಡಿನ ಬೇನೆ, ಊರಿನ ಕಣ್ಣು

ಮಾಗಡಿ ಕೆರೆ, ಡಿಸೆಂಬರ್

ಬಿಸಿಲು ಏರುವ ಹೊತ್ತಿಗೆ ಹೊಲಕ್ಕೆ ಹೋದ ಹಕ್ಕಿಗಳು ಕೆರೆಗೆ ಮರಳಿರುತ್ತವೆ. ಕತ್ತಲಾಗುವ ಮುಂದೆ ಗುಂಪುಗುಂಪಾಗಿ ಎದ್ದು ಸುತ್ತಲಿನ ಕಡಲೆ, ಶೇಂಗಾ ಹೊಲಗಳಿಗೆ ಇಳಿಯುವುದು, ರಾತ್ರಿ ಮೇಯುವುದು, ಹಗಲು ನೀರಿನಲ್ಲೋ ದಂಡೆಯ ಕೆಸರಿನಲ್ಲೋ ಒರಗುವುದು: ಪಟ್ಟೆತಲೆ ಹೆಬ್ಬಾತುಗಳ ಚಳಿಗಾಲದ ದಿನಚರಿ ಇಷ್ಟೇ. ಅವುಗಳ ಆರೋಗ್ಯ ನೋಡಬೇಕೆನ್ನುವವರು ನಡುಹಗಲಲ್ಲೇ ಬರಬೇಕು. ಹಾರುವ ಹಕ್ಕಿಯಲ್ಲಿ ರೋಗ ಕಾಣುವುದಿಲ್ಲ, ಕುಳಿತ ಹಕ್ಕಿಯಲ್ಲಿ ಕಾಣುತ್ತದೆ.

ಗದಗದಿಂದ 26 ಕಿಲೋಮೀಟರ್, ಶಿರಹಟ್ಟಿಯಿಂದ 8. ಮಳೆನೀರು ನಿಲ್ಲಿಸಿ ಹೊಲಕ್ಕೆ ಹಾಯಿಸಲೆಂದು ಕಟ್ಟಿದ ಈ ಕೆರೆ ಐವತ್ತು ಹೆಕ್ಟೇರಿನ ಆಸುಪಾಸಿನದು. ಇಲ್ಲಿ 166ಕ್ಕೂ ಹೆಚ್ಚು ಬಗೆಯ ಹಕ್ಕಿಗಳು ದಾಖಲಾಗಿವೆ, ಅದರಲ್ಲಿ 130 ವಲಸೆ ಬರುವಂಥವು. ಚಳಿಗಾಲದಲ್ಲಿ ಸುಮಾರು 8,000 ಪಟ್ಟೆತಲೆ ಹೆಬ್ಬಾತುಗಳು ಇಲ್ಲಿಗೆ ಬರುತ್ತವೆ. 2024ರ ಜನವರಿ ಕೊನೆಯಲ್ಲಿ ಅಂಕಸಮುದ್ರ, ಅಘನಾಶಿನಿಗಳ ಜತೆ ಮಾಗಡಿಯೂ ರಾಮ್ಸರ್ ಪಟ್ಟಿಗೆ ಸೇರಿತು. ಇಷ್ಟು ಸಣ್ಣ ನೀರಿನಲ್ಲಿ ಇಷ್ಟು ಹಕ್ಕಿ ಮೈಗೆ ಮೈ ತಾಗಿಸಿ ಕೂರುವುದು ಕಣ್ಣಿಗೆ ಹಬ್ಬ. ರೋಗದ ಲೆಕ್ಕ ಹಾಕುವವರಿಗೆ ಅದೇ ಚಿಂತೆ. ಒಂದರ ಹಿಕ್ಕೆ ಬಿದ್ದ ನೀರನ್ನೇ ಇನ್ನೊಂದು ಕುಡಿಯುತ್ತದೆ.

ಇವತ್ತು ಗುಂಪಿನಿಂದ ದೂರ, ಒಣಗಿ ಬಿರುಕು ಬಿಟ್ಟ ಕೆಸರಿನ ಮೇಲೆ ಒಂದು ಹೆಬ್ಬಾತು ಒಂಟಿಯಾಗಿ ಕುಳಿತಿತ್ತು. ಬಿಳಿ ತಲೆಯ ಹಿಂದೆ ಎರಡು ಕಪ್ಪು ಪಟ್ಟಿ, ಹಳದಿ ಕೊಕ್ಕು, ಬೂದು ಮೈ, ಎಲ್ಲ ಸರಿಯಾಗಿಯೇ ಇತ್ತು. ಆದರೆ ಗುಂಪಿನ ಹಕ್ಕಿ ಒಂಟಿಯಾಗಿದ್ದರೆ ಸುಮ್ಮನೆ ದಾಟಿ ಹೋಗುವಂತಿಲ್ಲ. ಹಕ್ಕಿಜ್ವರ ಮಿದುಳಿಗೆ ಏರಿದ ಹೆಬ್ಬಾತು ಕತ್ತು ತಿರುಚಿಕೊಳ್ಳುತ್ತದೆ, ರೆಕ್ಕೆ ಜೋತುಬಿಡುತ್ತದೆ, ನೀರಿಗಿಳಿದರೆ ಗಾಣದೆತ್ತಿನಂತೆ ಒಂದೇ ಕಡೆ ಸುತ್ತುತ್ತದೆ. ಏರಿಯ ಮೇಲೆ ಜಾಲಿಯ ನೆರಳಲ್ಲಿ ಕುಳಿತು ದುರ್ಬೀನು ಹಿಡಿದೆ. ಕಣ್ಣು ತೆರೆದಿದೆ, ಮಂಜಾಗಿಲ್ಲ. ಕತ್ತು ಎರಡೂ ಬದಿಗೆ ಹೊರಳುತ್ತಿದೆ. ರೆಕ್ಕೆ ಮೈಗೆ ಅಂಟಿದೆ. ಹಿಕ್ಕೆ ಹಸಿರು, ಗಟ್ಟಿ, ತುದಿಗೆ ಸುಣ್ಣದ ಬಿಳಿ. ಎಲೆ ಮೇಯುವ ಹಕ್ಕಿಯದು ಹೇಗಿರಬೇಕೋ ಹಾಗೆ. ಆದರೂ ಎದ್ದು ನಿಲ್ಲುತ್ತಿಲ್ಲ.

ಬಹಳ ಹೊತ್ತಿನ ಮೇಲೆ ಊರ ಕಡೆಯಿಂದ ಒಂದು ನಾಯಿ ದಂಡೆಗೆ ಇಳಿಯಿತು. ಹತ್ತಿರದ ಗುಂಪು ಗದ್ದಲವೆಬ್ಬಿಸಿ ಮೇಲೆದ್ದಿತು. ಒಂಟಿ ಹಕ್ಕಿಯೂ ಎದ್ದಿತು. ಬಲಗಾಲು ಊರಲಿಲ್ಲ; ಬೆರಳುಗಳ ನಡುವಿನ ಪೊರೆ ಹರಿದು ಜೋತಾಡುತ್ತಿತ್ತು. ಎಡಗಾಲಲ್ಲೇ ಕುಪ್ಪಳಿಸಿ, ರೆಕ್ಕೆ ಬಡಿದು, ನೀರಿನ ನಡುವಿಗೆ ಹೋಗಿ ಇಳಿಯಿತು. ಟಿಪ್ಪಣಿಯಲ್ಲಿ ಬರೆದುಕೊಂಡದ್ದು ಇಷ್ಟು: ಒಂಟಿ, ಕಾಲಿಗೆ ಗಾಯ, ನರದ ಲಕ್ಷಣವಿಲ್ಲ, ಹಾರಿತು.

ಏರಿಯ ಕೆಳಗೆ ಕುರಿ ಬಿಟ್ಟುಕೊಂಡಿದ್ದ ಅಜ್ಜ ಇದನ್ನೆಲ್ಲ ನೋಡುತ್ತಲೇ ಇದ್ದರು.

“ಏನ್ರಿ ಸರ, ಆಗಿಂದ ಅದೊಂದ ಹಕ್ಕಿ ನೋಡಾಕತ್ತೀರಲ್ಲ?”

“ಜಡ್ಡು ಬಿದ್ದೈತೇನೋ ಅಂತ ನೋಡಾಕತ್ತಿದ್ದೆ ಅಜ್ಜಾರ.”

“ಜಡ್ಡಿದ್ರ ನಾಯಿ ಬಂದಾಗ ಏಳತಿದ್ದಿಲ್ರಿ ಅದು. ನಮ್ಮ ಕುರಿನೂ ಹಂಗ. ಹಿಂಡು ಎದ್ದಾಗ ಯಾವ್ದು ಏಳೂದಿಲ್ಲೋ ಅದರ ಮ್ಯಾಲ ಕಣ್ಣಿಡಬೇಕು.”

ವನ್ಯಜೀವಿ ರೋಗಗಳ ಕಣ್ಗಾವಲಿಗೆ ಬರೆದಿಟ್ಟ ಕೈಪಿಡಿಗಳೂ ಇದನ್ನೇ ಹೇಳುತ್ತವೆ. ಅಜ್ಜ ಮಾತ್ರ ಅವನ್ನು ಓದಿದವರಲ್ಲ.

ಲಕ್ಷ್ಮೇಶ್ವರ, ಅದೇ ರಾತ್ರಿ

ದಿನದ ಟಿಪ್ಪಣಿಯ ಪಕ್ಕದಲ್ಲಿ ಹಳೆಯದನ್ನೂ ಬರೆದಿಡುವುದು ರೂಢಿ. ಮಾಗಡಿಯ ಈ ಹಕ್ಕಿಗೂ ಹಕ್ಕಿಜ್ವರಕ್ಕೂ ಇರುವ ನಂಟು ಹಳೆಯದು. ಇಂದು ಜಗತ್ತನ್ನೆಲ್ಲ ಸುತ್ತುತ್ತಿರುವ ಎಚ್‌5ಎನ್‌1 ವೈರಾಣುವಿನ ಮೂಲವಂಶವನ್ನು ಗುರುತಿಸಿದ್ದು 1996ರಲ್ಲಿ, ಚೀನಾದ ಗ್ವಾಂಗ್‌ಡಾಂಗ್ ಪ್ರಾಂತ್ಯದ ಸಾಕಿದ ಹೆಬ್ಬಾತಿನಲ್ಲಿ. ಒಂಬತ್ತು ವರ್ಷಗಳ ಮೇಲೆ, 2005ರ ಮೇ ತಿಂಗಳಲ್ಲಿ, ಅದು ಚೀನಾದ ಶಿಂಗ್ಹಾಯ್ ಸರೋವರದಲ್ಲಿ 6,000ಕ್ಕೂ ಹೆಚ್ಚು ಕಾಡುಹಕ್ಕಿಗಳನ್ನು ಕೊಂದಿತು. ಸತ್ತವುಗಳಲ್ಲಿ ದೊಡ್ಡ ಪಾಲು ಪಟ್ಟೆತಲೆ ಹೆಬ್ಬಾತುಗಳದು. ಎಂದರೆ ರೋಗ ಹುಟ್ಟಿದ್ದು ಮನುಷ್ಯ ಸಾಕಿದ ಹಕ್ಕಿಗಳ ನಡುವೆ. ಕಾಡುಹಕ್ಕಿಗೆ ಅದು ದಾಟಿದ್ದು ಆಮೇಲೆ.

ನಮ್ಮ ನೆಲದಲ್ಲೂ ಅದನ್ನು ಕಂಡಿದ್ದೇವೆ. 2020ರ ಡಿಸೆಂಬರ್ ಕೊನೆಯಲ್ಲಿ ಹಿಮಾಚಲದ ಪೊಂಗ್ ಜಲಾಶಯದ ದಂಡೆಯಲ್ಲಿ ಕ್ಷೇತ್ರ ಸಿಬ್ಬಂದಿಗೆ ಮೊದಲು ಸಿಕ್ಕಿದ್ದು ಬೆರಳೆಣಿಕೆಯ ಸತ್ತ ಹಕ್ಕಿಗಳು. ಮುಂದಿನ ದಿನಗಳಲ್ಲಿ ಅದು ನೂರಾರಾಯಿತು, ಕೊನೆಗೆ 5,000ದ ಹತ್ತಿರ ಹೋಯಿತು. ಬಹುಪಾಲು ಪಟ್ಟೆತಲೆ ಹೆಬ್ಬಾತುಗಳೇ. ಭೋಪಾಲದ ರಾಷ್ಟ್ರೀಯ ಅತಿಸುರಕ್ಷಿತ ಪಶುರೋಗ ಸಂಸ್ಥೆ ಎಚ್‌5ಎನ್‌1 ಎಂದು ದೃಢಪಡಿಸಿತು. ಕರ್ನಾಟಕದಲ್ಲಿ ಹಕ್ಕಿಜ್ವರ ಸುದ್ದಿಯಾದದ್ದು ಹೆಚ್ಚಾಗಿ ಸಾಕುಕೋಳಿಗಳಿಂದ: 2012ರಲ್ಲಿ ಹೆಸರಘಟ್ಟದ ಟರ್ಕಿ ಕೋಳಿಗಳು, 2020ರ ಮಾರ್ಚ್‌ನಲ್ಲಿ ಮೈಸೂರು, 2025ರಲ್ಲಿ ಚಿಕ್ಕಬಳ್ಳಾಪುರ ಮತ್ತು ಬಳ್ಳಾರಿಯ ಸಂಡೂರು ಭಾಗ.

ಶಿಂಗ್ಹಾಯ್‌ನ ಸಾವುಗಳ ನಂತರ ಒಂದು ವಿಷಯ ಎಲ್ಲರಿಗೂ ಮನದಟ್ಟಾಯಿತು. ವೈರಾಣು ತಜ್ಞನಿಗೆ ಹಕ್ಕಿಯ ದಾರಿ ಗೊತ್ತಿಲ್ಲ, ಹಕ್ಕಿ ತಜ್ಞನಿಗೆ ವೈರಾಣು ಗೊತ್ತಿಲ್ಲ, ಇಬ್ಬರಿಗೂ ಕೋಳಿ ಸಂತೆಯ ಲೆಕ್ಕ ಗೊತ್ತಿಲ್ಲ. ಹಾಗಾಗಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ, ಅಮೆರಿಕದ ಭೂವಿಜ್ಞಾನ ಸಮೀಕ್ಷೆ, ಚೀನಾ ಮತ್ತು ಮಂಗೋಲಿಯಾದ ಸಂಶೋಧಕರು, ನಮ್ಮ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಎಲ್ಲ ಕೂಡಿ ಹೆಬ್ಬಾತುಗಳ ಬೆನ್ನಿಗೆ ಉಪಗ್ರಹ ಸಾಧನ ಕಟ್ಟಿದರು. ಒಡಿಶಾದ ಚಿಲಿಕಾ, ತಮಿಳುನಾಡಿನ ಕೂಂತಂಕುಳಂ ಕೆರೆಗಳಲ್ಲಿ ಹಿಡಿದು ಬಿಟ್ಟ ಹಕ್ಕಿಗಳೂ ಅದರಲ್ಲಿದ್ದವು. 2011ರಲ್ಲಿ ಪ್ರಕಟವಾದ ಫಲಿತಾಂಶ ಬೆರಗು ಹುಟ್ಟಿಸುವಂಥದು: ಇವು ಹಿಮಾಲಯದ ಏರನ್ನು ಏಳೆಂಟು ಗಂಟೆಯಲ್ಲಿ ಹತ್ತುತ್ತವೆ, ಅದೂ ಬೆನ್ನಗಾಳಿಗೆ ಕಾಯದೆ, ಹೆಚ್ಚಾಗಿ ರಾತ್ರಿ ಮತ್ತು ಬೆಳಗಿನ ಜಾವದ ತಣ್ಣನೆಯ ಗಾಳಿಯಲ್ಲಿ. ಪತ್ರಿಕೆಗಳು ಹಾರಾಟದ ಸಾಹಸವನ್ನು ಬರೆದವು. ರೋಗ ಹುಡುಕುವವರಿಗೆ ಬೇಕಿದ್ದದ್ದು ಇನ್ನೊಂದು: ದಾರಿಯಲ್ಲಿ ಎಲ್ಲೆಲ್ಲಿ ಇಳಿಯುತ್ತವೆ, ಅಲ್ಲಿ ಯಾವ ಸಾಕುಬಾತುಗಳ ಜತೆ ನೀರು ಹಂಚಿಕೊಳ್ಳುತ್ತವೆ, ಎಷ್ಟು ದಿನ ತಂಗುತ್ತವೆ. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿದ ಹೆಬ್ಬಾತುಗಳು ಮೈಸೂರು ಸೀಮೆಯ ಕೆರೆಗಳಲ್ಲಿ ಕಂಡಿವೆ. ದುರ್ಬೀನಿನಲ್ಲಿ ಆ ಪಟ್ಟಿಯ ಅಕ್ಷರ ಓದಿ ತಿಳಿಸಿದವರು ಹವ್ಯಾಸಿ ಪಕ್ಷಿವೀಕ್ಷಕರು.

ಈ ಬಗೆಯ ಕೂಡುಕೆಲಸ ಕರ್ನಾಟಕಕ್ಕೆ ಹೊಸದೂ ಅಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಬೆನ್ನಿಗೇ ಜನರೂ ಜ್ವರದಲ್ಲಿ ಮಲಗಿದರು. ಮಂಗ ಸತ್ತ ಸುದ್ದಿ ಕೇಳಿ ಹಳದಿ ಜ್ವರವೇ ಭಾರತಕ್ಕೆ ಬಂತೋ ಎಂಬ ದಿಗಿಲು ಹುಟ್ಟಿತ್ತು. ರಾಕ್‌ಫೆಲರ್ ಪ್ರತಿಷ್ಠಾನ ಮತ್ತು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಸೇರಿ ಪುಣೆಯಲ್ಲಿ ನಡೆಸುತ್ತಿದ್ದ ವೈರಾಣು ಸಂಶೋಧನಾ ಕೇಂದ್ರದಿಂದ ಟೆಲ್‌ಫೋರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮೊದಲಾದವರು ಬಂದು ಉಣ್ಣೆಗಳನ್ನು ಆರಿಸಿದರು, ಹೊಸ ವೈರಾಣುವನ್ನು ಪತ್ತೆಹಚ್ಚಿದರು. ಅದು ರಷ್ಯಾದ ಒಂದು ಮಿದುಳುಜ್ವರದ ವೈರಾಣುವಿಗೆ ಹತ್ತಿರದ್ದಾಗಿತ್ತು. ಸೈಬೀರಿಯಾದಿಂದ ಬರುವ ಹಕ್ಕಿಗಳೇ ಉಣ್ಣೆ ಹೊತ್ತು ತಂದವೇ ಎಂಬ ಪ್ರಶ್ನೆ ಎದ್ದಿತು. 1959ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಸಲೀಂ ಅಲಿಯವರ ನೇತೃತ್ವದಲ್ಲಿ ಹಕ್ಕಿಗಳಿಗೆ ಉಂಗುರ ತೊಡಿಸುವ ದೊಡ್ಡ ಯೋಜನೆ ಆರಂಭವಾಯಿತು. ಸಾವಿರಾರು ಹಕ್ಕಿಗಳನ್ನು ಹಿಡಿದು, ಗರಿ ಸರಿಸಿ, ಉಣ್ಣೆ ಹುಡುಕಿದರು. ಹಕ್ಕಿಗಳ ಮೇಲಿನ ಆರೋಪ ಸಾಬೀತಾಗಲಿಲ್ಲ. ಆದರೆ ಭಾರತದ ವಲಸೆ ಹಕ್ಕಿಗಳ ಬಗ್ಗೆ ನಮಗಿರುವ ಎಷ್ಟೋ ತಿಳಿವಳಿಕೆ ಆ ಹುಡುಕಾಟದ ಹುಟ್ಟುವಳಿ.

ಶಿರಹಟ್ಟಿ ಕಡೆಯ ಕಪ್ಪತಗುಡ್ಡದ ಸೆರಗು, ಫೆಬ್ರುವರಿ

ಕಡಲೆ ಕಿತ್ತಾಗಿದೆ. ಎರೆಹೊಲದ ಮೇಲೆ ಕುರಿ ತರುಬಿದ್ದಾರೆ. ಬಲೆಯ ಬೇಲಿ, ಒಳಗೆ ಮರಿಗಳು, ಹೊರಗೆ ಕಟ್ಟಿದ ನಾಯಿ. ಅಲ್ಲಿಂದ ಒಂದು ಕೂಗಳತೆಯಲ್ಲಿ ಚಿಗರಿಗಳ, ಎಂದರೆ ಕೃಷ್ಣಮೃಗಗಳ ಹಿಂಡು. ಒಂದು ಕರಿಯ ಗಂಡು, ಉಳಿದವು ಕಂದು ಹೆಣ್ಣುಗಳು, ಮರಿಗಳು. ಕುರಿ ಮೇದ ಕೂಳೆಯನ್ನೇ ಚಿಗರಿ ಮೇಯುತ್ತದೆ, ಕುರಿ ಕುಡಿದ ಹೊಂಡದಲ್ಲೇ ನೀರು ಕುಡಿಯುತ್ತದೆ. 2019ರಲ್ಲಿ ಕಪ್ಪತಗುಡ್ಡದ 244 ಚದರ ಕಿಲೋಮೀಟರ್ ಅಭಯಾರಣ್ಯವಾಯಿತು. ಆದರೆ ಚಿಗರಿಗೆ ಬೇಕಾದದ್ದು ಗುಡ್ಡಕ್ಕಿಂತ ಬಯಲು, ಆ ಬಯಲು ರೈತನದು. ಹಾಗಾಗಿ ಇಲ್ಲಿ ಕಾಡುಪ್ರಾಣಿಯ ರೋಗ, ಸಾಕುಪ್ರಾಣಿಯ ರೋಗ ಎಂದು ಎರಡು ಖಾತೆ ಇಡಲು ಬರುವುದಿಲ್ಲ.

ಕುರಿಗಾರರು ಹಿರೇಬೇನೆ ಎನ್ನುವ ರೋಗವನ್ನೇ ನೋಡಿ. ಜ್ವರ, ಮೂಗು ಕಣ್ಣಿನಿಂದ ಸಿಂಬಳ, ಬಾಯಿಹುಣ್ಣು, ಭೇದಿ, ಸಾವು. ಹೆಬ್ಬಾತುಗಳು ಮರಿ ಮಾಡುವ ಅದೇ ಮಂಗೋಲಿಯಾದಲ್ಲಿ 2016ರಲ್ಲಿ ಈ ರೋಗ ಆಡುಕುರಿಗಳಿಗೆ ಬಂತು. ಕೆಲವೇ ತಿಂಗಳಲ್ಲಿ ಸೈಗಾ ಎಂಬ ಹುಲ್ಲೆಗಳಿಗೆ ದಾಟಿ ಸಾವಿರಾರನ್ನು ಕೊಂದಿತು. ಅದಕ್ಕೂ ಮೊದಲು, 2015ರ ಮೇ ತಿಂಗಳಲ್ಲಿ, ಕಜಕಸ್ತಾನದ ಬಯಲಿನಲ್ಲಿ ಮೂರೇ ವಾರಗಳಲ್ಲಿ 2,00,000ಕ್ಕೂ ಹೆಚ್ಚು ಸೈಗಾಗಳು ಸತ್ತಿದ್ದವು. ಕಜಕ್ ಪಶುವೈದ್ಯರು, ಲಂಡನ್ನಿನ ರಾಯಲ್ ವೆಟರ್ನರಿ ಕಾಲೇಜಿನವರು, ಹವಾಮಾನ ಲೆಕ್ಕಿಗರು ಸೇರಿ ಹುಡುಕಿದಾಗ ಸಿಕ್ಕ ಕಾರಣ ಪಾಶ್ಚುರೆಲ್ಲಾ ಎಂಬ ಬ್ಯಾಕ್ಟೀರಿಯಾ. ಅದು ಹುಲ್ಲೆಗಳ ಗಂಟಲಲ್ಲಿ ತಣ್ಣಗೆ ಇರುವಂಥದೇ. ಆ ದಿನಗಳಲ್ಲಿ ಗಾಳಿಯ ತೇವ ಮತ್ತು ಸೆಕೆ ಎಂದಿನದಕ್ಕಿಂತ ಹೆಚ್ಚಾಗಿ, ಗಂಟಲಲ್ಲಿದ್ದದ್ದು ರಕ್ತಕ್ಕೆ ಇಳಿದಿತ್ತು.

ಅದೇ ಬ್ಯಾಕ್ಟೀರಿಯಾ ನಮ್ಮ ದನ, ಎಮ್ಮೆಗಳಿಗೆ ತರುವ ಬೇನೆಯ ಹೆಸರು ಗಳಲೆ. ಗಂಟಲು ಬಾತು, ಉಸಿರು ಗೊರಗೊರ ಎಂದು, ಒಂದೆರಡು ದಿನದಲ್ಲಿ ಎಮ್ಮೆ ನೆಲಕಚ್ಚುವುದನ್ನು ಮಳೆಗಾಲದ ಗದಗ ಸೀಮೆಯಲ್ಲಿ ನೋಡದ ರೈತ ಅಪರೂಪ. ಮಳೆ ಹಿಡಿಯುವ ಮುಂಚೆ ಲಸಿಕೆ ಹಾಕಿಸುವ ಪದ್ಧತಿ ಅದಕ್ಕೇ ಬಂದದ್ದು. 2025ರ ನವೆಂಬರ್‌ನಲ್ಲಿ ಬೆಳಗಾವಿಯ ಭೂತರಾಮನಹಟ್ಟಿ ಮೃಗಾಲಯದಲ್ಲಿ ಕೃಷ್ಣಮೃಗಗಳು ಕೆಲವೇ ದಿನಗಳಲ್ಲಿ ಸಾಲುಸಾಲಾಗಿ ಸತ್ತವು. ಅದೂ ಗಳಲೆಯೇ. ಬೇಲಿಯೊಳಗೆ ಸತ್ತದ್ದರಿಂದ ಲೆಕ್ಕ ಸಿಕ್ಕಿತು, ಕಾರಣ ಸಿಕ್ಕಿತು. ಬಯಲಿನ ಚಿಗರಿ ಸತ್ತರೆ ರಾತ್ರಿ ಕಳೆಯುವುದರೊಳಗೆ ನಾಯಿ, ನರಿ, ಕತ್ತೆಕಿರುಬ ಅದನ್ನು ಮುಗಿಸಿರುತ್ತವೆ. ಸಾವು ನಡೆದದ್ದೇ ದಾಖಲೆಯಲ್ಲಿರುವುದಿಲ್ಲ.

ಚಿಗರಿಗೆ ಯಾರೂ ಸೂಜಿ ಚುಚ್ಚಲಾರರು. ಅದರ ಅಗತ್ಯವೂ ಬೀಳದಂತೆ ಮಾಡಬಹುದು ಎಂಬುದಕ್ಕೆ ದೊಡ್ಡರೋಗ ಸಾಕ್ಷಿ. ಒಂದು ಕಾಲದಲ್ಲಿ ದನಗಳ ಜತೆ ಕಾಟಿಗಳನ್ನೂ ಬಲಿ ತೆಗೆದುಕೊಂಡ ರೋಗ ಅದು. ದಶಕಗಳ ಕಾಲ ದನಗಳಿಗೆ ಲಸಿಕೆ ಹಾಕಿದ ಫಲವಾಗಿ 2011ರಲ್ಲಿ ಇಡೀ ಜಗತ್ತಿನಿಂದಲೇ ಹೋಯಿತು. ಕಾಡಿನ ಪ್ರಾಣಿಗೆ ಒಂದು ಲಸಿಕೆಯೂ ಇಲ್ಲದೆ ಕಾಡು ಉಳಿಯಿತು. ಹಿರೇಬೇನೆಯನ್ನು 2030ರೊಳಗೆ ಹಾಗೆಯೇ ಅಳಿಸುವ ಗುರಿ ಇದೆ. ಈ ಹೊಲದಲ್ಲಿ ತರುಬಿದ ಕುರಿಗಳಿಗೆ ಲಸಿಕೆ ಬಿದ್ದಿದೆಯೇ ಎಂಬುದು ಆ ಚಿಗರಿಗಳಿಗೆ ಅರಣ್ಯ ಕಾನೂನಿನಷ್ಟೇ ಮುಖ್ಯ.

ಮುಂಡರಗಿ ದಾರಿ, ಮಾರ್ಚ್

ಊರ ಹೊರಗೆ ಸತ್ತ ದನ ಎಸೆಯುವ ಜಾಗ. ನಸುಕಿನಲ್ಲೇ ಹೋದರೆ ದೂಳು ಓದಲು ಬರುತ್ತದೆ. ಮುಂಗಾಲಿನದು ದೊಡ್ಡದು, ಹಿಂಗಾಲಿನದು ಸಣ್ಣದು, ಉಗುರಿನ ಗುರುತು ಎದ್ದು ಕಾಣುವ ಹೆಜ್ಜೆ: ಕತ್ತೆಕಿರುಬ. ಅದರ ಮೇಲೆಯೇ, ಅಡ್ಡಾದಿಡ್ಡಿ, ನಾಯಿಗಳ ಹೆಜ್ಜೆ. ರಾತ್ರಿ ಅದು ತಿಂದದ್ದನ್ನು ಬೆಳಿಗ್ಗೆ ಇವು ತಿಂದಿವೆ, ಅದೇ ಎಲುಬನ್ನು ನೆಕ್ಕಿವೆ. ಎತ್ತಿನ ಪಕ್ಕೆಲುಬಿನ ಮೇಲೆ ಒಣಗಿದ ಜೊಲ್ಲು ಸೂರ್ಯನ ಬೆಳಕಿಗೆ ಹೊಳೆಯುತ್ತಿತ್ತು.

ಹಿಂದೆ ಇಂಥ ಹೆಣವನ್ನು ರಣಹದ್ದುಗಳು ಮುಗಿಸುತ್ತಿದ್ದವು. ದನಗಳಿಗೆ ಕೊಡುವ ಡೈಕ್ಲೋಫೆನಾಕ್ ಎಂಬ ನೋವಿನ ಮದ್ದು ಹದ್ದುಗಳ ಮೂತ್ರಪಿಂಡ ಕೆಡಿಸುತ್ತದೆ ಎಂದು 2004ರಲ್ಲಿ ಪಾಕಿಸ್ತಾನದಲ್ಲಿ ಅಮೆರಿಕದ ಸಂಶೋಧಕರ ಜತೆ ನಡೆದ ಅಧ್ಯಯನ ತೋರಿಸಿತು. 2006ರಲ್ಲಿ ಭಾರತ ಅದರ ಪಶುವೈದ್ಯಕೀಯ ಬಳಕೆ ನಿಷೇಧಿಸಿತು. ಅಷ್ಟರಲ್ಲಿ ಹದ್ದುಗಳ ಜಾಗಕ್ಕೆ ನಾಯಿಗಳು ಬಂದಾಗಿತ್ತು. ಹದ್ದಿನ ಹೊಟ್ಟೆಯ ಆಮ್ಲ ಸುಟ್ಟುಹಾಕುತ್ತಿದ್ದುದನ್ನು ನಾಯಿ ಹೊತ್ತು ತಿರುಗುತ್ತದೆ.

ನಾಯಿಯಿಂದ ಕಾಡಿಗೆ ದಾಟುವ ರೋಗಗಳಲ್ಲಿ ಹುಚ್ಚುನಾಯಿ ರೋಗ ಎಲ್ಲರಿಗೂ ಗೊತ್ತು. ಡಿಸ್ಟೆಂಪರ್ ಅಷ್ಟು ಗೊತ್ತಿಲ್ಲ. 2018ರ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಗಿರ್‌ನ ಒಂದೇ ವಲಯದಲ್ಲಿ 23 ಸಿಂಹಗಳು ಸತ್ತಾಗ ಕೆಲವುಗಳಲ್ಲಿ ಸಿಕ್ಕಿದ್ದು ಈ ವೈರಾಣು. ಇಲ್ಲಿನಂಥದೇ ಬಯಲಾದ ಸೊಲ್ಲಾಪುರ ಬಳಿಯ ನಾನಜ್‌ನಲ್ಲಿ ಅನಿರುದ್ಧ ಬೆಲ್ಸರೆ, ಅಬಿ ತಮೀಮ್ ವನಕ್, ಮ್ಯಾಥ್ಯೂ ಗೊಂಪರ್ ಊರುನಾಯಿಗಳ ಮತ್ತು ನರಿಗಳ ರಕ್ತ ಪರೀಕ್ಷಿಸಿದ್ದರು. ನಾಯಿಗಳಲ್ಲಿ ಡಿಸ್ಟೆಂಪರ್, ಪಾರ್ವೊ ಸೋಂಕಿನ ಗುರುತು ವ್ಯಾಪಕವಾಗಿತ್ತು, ನರಿಗಳಲ್ಲೂ ಇತ್ತು. ಕಪ್ಪತಗುಡ್ಡದ ತೋಳ, ನರಿ, ಕತ್ತೆಕಿರುಬಗಳು ಇಂಥದೇ ನಾಯಿಗಳ ನಡುವೆ ಬದುಕುತ್ತಿವೆ.

ಗದಗ-ಬೆಟಗೇರಿ, ಮಾರ್ಚ್ ಕೊನೆ

ಹೆಬ್ಬಾತುಗಳು ಹೊರಟಿವೆ. ಟಿಪ್ಪಣಿಗಳನ್ನು ಒಟ್ಟು ಮಾಡುವ ಹೊತ್ತು.

ಕಾಗದದ ಮೇಲೆ ಸರಪಣಿ ಚೆನ್ನಾಗಿದೆ. ಗದಗದಲ್ಲೇ ಪಶುವೈದ್ಯಕೀಯ ಕಾಲೇಜು ಇದೆ. ಬೆಂಗಳೂರಿನ ಹೆಬ್ಬಾಳದಲ್ಲಿ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ ಇದೆ. ಯಲಹಂಕದ ನಿವೇದಿ ಸಂಸ್ಥೆ ಯಾವ ಜಿಲ್ಲೆಗೆ ಯಾವ ಜಾನುವಾರು ರೋಗ ಬರಬಹುದೆಂದು ಎರಡು ತಿಂಗಳು ಮುಂಚೆ ಮುನ್ಸೂಚನೆ ಕೊಡುತ್ತದೆ. ಹಕ್ಕಿಜ್ವರದ ಕೊನೆಯ ಮಾತು ಭೋಪಾಲದ್ದು. ಹಕ್ಕಿ ಸತ್ತರೆ ಗಂಟಲಿನ ಮತ್ತು ಗುದದ್ವಾರದ ದ್ರವವನ್ನು ಹತ್ತಿಕಡ್ಡಿಯಲ್ಲಿ ತೆಗೆದು, ಐಸ್ ಪೆಟ್ಟಿಗೆಯಲ್ಲಿಟ್ಟು, ರಾತ್ರಿಯಿಡೀ ಸಾಗಿಸಬೇಕು. ಅದಕ್ಕೆ ಹೆಣ ತಾಜಾ ಇರಬೇಕು. ನಮ್ಮ ಬಿಸಿಲಿನಲ್ಲಿ ಹೆಣ ಅರ್ಧ ದಿನದಲ್ಲಿ ಕೆಡುತ್ತದೆ. ಸತ್ತದ್ದು ಚಿಗರಿಯಾಗಿ, ಅದರ ಮೂಗು, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಬಂದಿದ್ದರೆ ಅದು ನೆರಡಿ (ಆಂತ್ರಾಕ್ಸ್) ಇರಬಹುದು. ಅಂಥ ಹೆಣವನ್ನು ಕೊಯ್ಯಲೇಬಾರದು, ಕೊಯ್ದರೆ ಗಾಳಿ ತಗುಲಿದ ಬ್ಯಾಕ್ಟೀರಿಯಾ ಬೀಜಕಣವಾಗಿ ವರ್ಷಗಟ್ಟಲೆ ಮಣ್ಣಲ್ಲಿ ಉಳಿಯುತ್ತದೆ. ಇದನ್ನೆಲ್ಲ ನಿರ್ಧರಿಸಬೇಕಾದವರು ಪಶುವೈದ್ಯರು, ಹೆಣ ಮುಟ್ಟಲು ಅಧಿಕಾರವಿರುವುದು ಅರಣ್ಯ ಇಲಾಖೆಗೆ. ಇಬ್ಬರೂ ಒಂದೇ ಹೊತ್ತಿಗೆ ಒಂದೇ ಜಾಗಕ್ಕೆ ಬಂದರೆ ಮಾತ್ರ ಸಂಶೋಧನೆ.

ಅವರು ಬರುವುದು ಯಾರಾದರೂ ಕರೆದರೆ. ಇಲ್ಲೇ ಕೊಂಡಿ ಸಡಿಲ. ಸತ್ತ ಚಿಗರಿಯ ಬಳಿ ನಿಂತವನಿಗೆ ಮೊದಲು ಬರುವ ಯೋಚನೆ ರೋಗದ್ದಲ್ಲ, ಕೇಸಿನದು. ಫೆಬ್ರುವರಿಯಲ್ಲಿ ಸಿಕ್ಕ ಒಬ್ಬ ಕುರಿಗಾರ ತಮ್ಮ ಇದನ್ನು ನೇರವಾಗಿಯೇ ಹೇಳಿದ: “ನಾವ್ ಹೇಳಿದ್ರ ನಮ್ಮನ್ನ ಕೇಳ್ತಾರ್ರಿ, ನಾಯಿ ನಿಂದೇನು, ಉರುಲು ನಿಂದೇನು ಅಂತ. ಅದಕ್ಕ ಸುಮ್ನ ಇರ್ತೀವಿ.” ಈ ಸುಮ್ಮನಿರುವಿಕೆಗೆ ಯಾವ ಯಂತ್ರದಲ್ಲೂ ಪರೀಕ್ಷೆಯಿಲ್ಲ.

ಮಾಡಬೇಕಾದದ್ದು ದೊಡ್ಡದೇನಲ್ಲ. ಸತ್ತದ್ದನ್ನು ಮುಟ್ಟದೆ, ನಾಯಿಯನ್ನು ಹತ್ತಿರ ಬಿಡದೆ, ಅರಣ್ಯ ಸಹಾಯವಾಣಿ 1926ಕ್ಕೋ, ಜಾನುವಾರೂ ಬಿದ್ದಿದ್ದರೆ ಪಶುಪಾಲನಾ ಇಲಾಖೆಯ 1962ಕ್ಕೋ ಹೇಳುವುದು. ಎಷ್ಟು ಸತ್ತಿವೆ, ಒಂದೇ ಜಾತಿಯವೋ ಬೇರೆ ಬೇರೆಯೋ, ಹತ್ತಿರ ನೀರಿದೆಯೇ, ಊರಲ್ಲಿ ಕೋಳಿ, ಕುರಿ, ದನಕ್ಕೆ ಜಡ್ಡು ಬಂದಿದೆಯೇ, ಈ ನಾಲ್ಕು ವಿಷಯ ಸಾಕು. ಕ್ಯಾಸನೂರಿನಲ್ಲಿ ಮಂಗನ ಹೆಣ ಕಂಡವರು, ಪೊಂಗ್‌ನಲ್ಲಿ ಮೊದಲ ಹೆಬ್ಬಾತು ಕಂಡ ಸಿಬ್ಬಂದಿ ಸುಮ್ಮನಿದ್ದಿದ್ದರೆ ಪ್ರಯೋಗಾಲಯಕ್ಕೆ ಕಳಿಸಲು ಏನೂ ಇರುತ್ತಿರಲಿಲ್ಲ.

ಇಲಾಖೆಗಳ, ಕಾಲೇಜುಗಳ ಪಾಲಿಗೂ ಒಂದು ಕೆಲಸ ಉಳಿದಿದೆ. ಮಾದರಿ ಭೋಪಾಲಕ್ಕೆ ಹೋಗುತ್ತದೆ, ವರದಿ ಬೆಂಗಳೂರಿಗೆ ಬರುತ್ತದೆ. ಸುದ್ದಿ ಕೊಟ್ಟ ಕುರಿಗಾರನಿಗೆ ಏನಾಯಿತೆಂದು ಯಾರೂ ಹೇಳುವುದಿಲ್ಲ. ಗಳಲೆಯೋ, ವಿಷವೋ, ನಾಯಿ ಕಡಿತವೋ, ತನ್ನ ಕುರಿಗಳಿಗೆ ಅಪಾಯ ಇದೆಯೋ ಇಲ್ಲವೋ, ಅವನಿಗೆ ಬೇಕಾದದ್ದು ಇಷ್ಟೇ. ವರದಿ ಬಂದ ದಿನ ಕನ್ನಡದಲ್ಲಿ ಎರಡು ಸಾಲು ಬರೆದು ಅವನ ಫೋನಿಗೆ ಕಳಿಸಬೇಕು. ಮುಂದಿನ ಸಲ ಅವನು ಕರೆ ಮಾಡುತ್ತಾನೋ ಇಲ್ಲವೋ ಎಂಬುದು ಅದರ ಮೇಲೆ ನಿಂತಿದೆ.